ಅಮೆರಿಕಕ್ಕೆ ಹೊರಟ ಸೂಟ್‌ಕೇಸಿನಲ್ಲಿ ಮನೆ ತಿಂಡಿ: ಸೋರದಂತೆ, ಮುರಿಯದಂತೆ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳದಂತೆ ಪ್ಯಾಕ್ ಮಾಡುವುದು ಹೇಗೆ?

ಮಕ್ಕಳ ಮನೆಗೋ ಅಕ್ಕನ ಮನೆಗೋ ರಜೆಗೆ ಅಂತ ಅಮೆರಿಕಕ್ಕೆ ಹೊರಟರೆ, ಹದಿನೈದು ದಿನ ಮೊದಲೇ ಒಲೆ ಮೇಲೆ ಬಾಣಲೆ ಏರುತ್ತದೆ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಹುಳಿಪುಡಿ. ಎಲ್ಲ ಮುಗಿದ ಮೇಲೆ ಸೂಟ್‌ಕೇಸ್ ಇಳಿಸುತ್ತೇವೆ. ತೂಕ ಜಾಸ್ತಿ ಆಯಿತು ಅಂತ ಆಗ ಗೊತ್ತಾಗುತ್ತದೆ. ಇನ್ನು ಕೆಲವು ವಸ್ತುಗಳನ್ನು ಆ ದೇಶದೊಳಗೆ ಬಿಡುವುದೇ ಇಲ್ಲ ಅಂತ ಅಲ್ಲಿ ಇಳಿದ ಮೇಲೆ ಗೊತ್ತಾಗುತ್ತದೆ.

ನಾವು ಮೊದಲ ಸಲ ಹೋದಾಗ ಹೀಗೇ ಆಯಿತು. ಅಮ್ಮ ಹಿತ್ತಲಿನಿಂದ ಕಿತ್ತು, ಒರೆಸಿ, ಪೇಪರಿನಲ್ಲಿ ಸುತ್ತಿಟ್ಟ ಕರಿಬೇವು ಕಸ್ಟಮ್ಸ್‌ನ ಕಸದ ಡಬ್ಬಿ ಸೇರಿತು. ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆ ಅವರ ರೇಷ್ಮೆ ಸೀರೆ ಸೇರಿತು. ಅವತ್ತಿನಿಂದ ನಾನು ಕೆಲಸವನ್ನು ತಿರುಗಿಸಿ ಮಾಡುತ್ತೇನೆ. ಇಳಿಯುವ ದೇಶದ ಬಾಗಿಲಿನಿಂದ ಲೆಕ್ಕ ಶುರು, ಒಲೆ ಹಚ್ಚುವುದು ಆಮೇಲೆ. ನೀವೂ ಹಾಗೇ ಮಾಡಿ.

1. ಅಲ್ಲಿ ಯಾವುದಕ್ಕೆ ಬಾಗಿಲು ಮುಚ್ಚಿದೆ, ಮೊದಲು ನೋಡಿ

ಅಮೆರಿಕದವರಿಗೆ ನಮ್ಮ ಊಟದ ಮೇಲೆ ಸಿಟ್ಟಿಲ್ಲ. ಅವರ ಭಯ ಹುಳುವಿನದು, ರೋಗದ್ದು. ಇದು ತಿಳಿದರೆ ಪಟ್ಟಿಯನ್ನು ಉರು ಹೊಡೆಯಬೇಕಾಗಿಲ್ಲ.

ಕರಿಬೇವನ್ನೇ ತೆಗೆದುಕೊಳ್ಳಿ. ಅದು ನಿಂಬೆ, ಕಿತ್ತಳೆಯ ಕುಟುಂಬಕ್ಕೆ ಸೇರಿದ ಗಿಡ. ಕಿತ್ತಳೆ ಗಿಡಗಳಿಗೆ ಗ್ರೀನಿಂಗ್ ಎಂಬ ರೋಗ ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಮಾಡಿದೆ. ಆದ್ದರಿಂದ ಕರಿಬೇವಿನ ಎಲೆ ಬೇಡ. ಒಣಗಿಸಿದ್ದೂ ಬೇಡ. ಚಟ್ನಿಪುಡಿಯಲ್ಲಿ ಹುರಿದು ನುಣ್ಣಗೆ ಪುಡಿಯಾಗಿ ಸೇರಿದ್ದರೆ ಆ ಮಾತು ಬೇರೆ.

ಅಕ್ಕಿಯ ಕಥೆಯೂ ಹೀಗೇ. ಖಾಪ್ರಾ ಎಂಬ ಉಗ್ರಾಣದ ಹುಳು ನಮ್ಮ ಕಡೆ ಇದೆ. ಕಾಳು, ಧಾನ್ಯದೊಳಗೆ ಸೇರಿದರೆ ಅದನ್ನು ಓಡಿಸುವುದು ಬಹಳ ಕಷ್ಟ. ಹಾಗಾಗಿ ಭಾರತದಿಂದ ಬರುವವರು ಬ್ಯಾಗಿನಲ್ಲಿ ಅಕ್ಕಿ, ಕಡಲೆಕಾಳು ತರುವ ಹಾಗಿಲ್ಲ. ಸೋನಾ ಮಸೂರಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ, ಚಿಂತೆ ಬೇಡ.

ಹಸಿ ಹಣ್ಣು, ತರಕಾರಿ, ಸೊಪ್ಪು, ವೀಳ್ಯದೆಲೆ, ಕೈತೋಟಕ್ಕೆ ಅಂತ ಕಟ್ಟಿಕೊಟ್ಟ ಬಿತ್ತನೆ ಬೀಜ, ಇವೂ ಬೇಡ. ಮೇ ತಿಂಗಳಲ್ಲಿ ಹೊರಟರೆ ಎರಡೇ ಎರಡು ರಸಪುರಿ ಇಟ್ಟುಬಿಡೋಣ ಅನ್ನಿಸುವುದು ಸಹಜ. ಭಾರತದ ಮಾವು 2007ರಿಂದ ಅಮೆರಿಕದ ಅಂಗಡಿಗಳಿಗೆ ಹೋಗುತ್ತಿದೆ, ಆದರೆ ವಿಕಿರಣ ಹಾಯಿಸಿ, ತಪಾಸಣೆ ಆದ ಮೇಲೆ. ನಮ್ಮ ಬ್ಯಾಗಿನ ಹಣ್ಣಿಗೆ ಆ ದಾರಿ ಇಲ್ಲ.

ಮಾಂಸ ಯಾವ ರೂಪದಲ್ಲೂ ಬೇಡ. ಕೋಳಿ ಮಸಾಲೆಯ ನೂಡಲ್ಸ್ ಪೊಟ್ಟಣವನ್ನೂ ಬಿಟ್ಟುಬಿಡಿ. ಮೀನಿಗೆ ಇಷ್ಟು ಬಿಗಿ ಇಲ್ಲ, ಮನೆ ಬಳಕೆಗೆ ಬೇಕಾದಷ್ಟು ಒಣಮೀನು ಒಯ್ಯಬಹುದು. ಕರಾವಳಿಯವರಿಗೆ ಇದು ಸಮಾಧಾನದ ಮಾತು.

ಹಾಲಿನ ಸಿಹಿ ತಿಂಡಿ ಸ್ವಲ್ಪ ಸೂಕ್ಷ್ಮ. ನಮ್ಮ ದೇಶದ ದನಗಳಲ್ಲಿ ಕಾಲುಬಾಯಿ ಜ್ವರ ಇರುವುದರಿಂದ ಹಾಲಿನ ಪದಾರ್ಥಗಳ ಮೇಲೆ ಅವರ ಕಣ್ಣು ಜಾಸ್ತಿ. ಧಾರವಾಡ ಪೇಡ, ಬೆಳಗಾವಿ ಕುಂದಾ ಒಯ್ದು ಅಲ್ಲಿ ಕಳೆದುಕೊಳ್ಳುವ ಬದಲು ಗೋಕಾಕದ ಕರದಂಟು, ಶೇಂಗಾ ಉಂಡೆ, ಎಳ್ಳುಂಡೆ ಒಯ್ಯಿರಿ. ಇವು ಬೇಗ ಕೆಡುವುದೂ ಇಲ್ಲ.

ಪುಡಿಗಳು, ಹಪ್ಪಳ, ಸಂಡಿಗೆ, ಕರಿದ ತಿಂಡಿ, ಉಪ್ಪಿನಕಾಯಿ, ಬೆಲ್ಲ, ಹುರಿದ ಕಾಫಿಪುಡಿ, ಇವುಗಳಿಗೆ ಸಾಮಾನ್ಯವಾಗಿ ತಕರಾರಿಲ್ಲ. ಕೊನೆಯ ಮಾತು ಮಾತ್ರ ಅಲ್ಲಿ ನಿಂತ ಅಧಿಕಾರಿಯದೇ.

ಬೇರೆ ದೇಶಕ್ಕೆ ಹೊರಟವರು ಅಲ್ಲಿನ ನಿಯಮ ಬೇರೆಯೇ ನೋಡಿಕೊಳ್ಳಬೇಕು. ದುಬೈ, ಸಿಂಗಪುರಕ್ಕೆ ಹೋಗುವವರು ಗಸಗಸೆಯನ್ನು ಪೂರ್ತಿ ಮರೆತುಬಿಡಿ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಪಾಯಸಕ್ಕೆ ಅಂತ ಇಟ್ಟ ಪೊಟ್ಟಣ ಮಾತ್ರ ಅಲ್ಲ, ಕಜ್ಜಾಯದ ಮೇಲೆ ಒತ್ತಿದ ಗಸಗಸೆ, ಸಾಗು ಪುಡಿಯಲ್ಲಿ ಹುರಿದು ಹಾಕಿದ ಒಂದು ಚಮಚ ಕೂಡ ನೆನಪಿರಲಿ. ಕಜ್ಜಾಯಕ್ಕೆ ಎಳ್ಳು ಒತ್ತಿ. ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲಕ್ಕಿಂತ ಬಿಗಿ. ನ್ಯೂಜಿಲೆಂಡಿನಲ್ಲಿ ಹೇಳದೆ ತಂದ ಒಂದು ಹಣ್ಣಿಗೆ ಸ್ಥಳದಲ್ಲೇ 400 ಡಾಲರ್ ದಂಡ ಬೀಳಬಹುದು.

2. ವಿಮಾನ ಹತ್ತಿಸದ ವಸ್ತು: ಕೊಬ್ಬರಿ

ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲೂ ಇಡುವಂತಿಲ್ಲ, ಕೈಚೀಲದಲ್ಲೂ ಇಡುವಂತಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ. ಒತ್ತಾಗಿ ತುಂಬಿಟ್ಟರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದಕ್ಕೆ ಒಂದು ನಂಬರೇ ಇದೆ, 1363. ಒಂದು ಗಿಟಕಿಗಾಗಿ ಇಡೀ ಸೂಟ್‌ಕೇಸ್ ಬಿಚ್ಚಿಸುತ್ತಾರೆ. ಕರ್ಪೂರ, ಬೆಂಕಿಪೊಟ್ಟಣವೂ ಬೇಡ.

ಕಷ್ಟ ಎಲ್ಲಿ ಬರುತ್ತದೆ ಗೊತ್ತಾ? ಮಡಿಲು ತುಂಬುವಾಗ. ಹೊರಡುವ ಹೆಣ್ಣುಮಗಳಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಅರಿಶಿನ ಕುಂಕುಮ, ರವಿಕೆ ಬಟ್ಟೆ ಕೊಟ್ಟು ಹರಸುತ್ತಾರೆ. ಕೊಟ್ಟಿದ್ದನ್ನು ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, ಹಾಗೇ ಗಂಟು ಕಟ್ಟಿ ಸೂಟ್‌ಕೇಸಿಗೆ ಇಡುತ್ತಾರೆ. ಅದರಲ್ಲಿ ಕೊಬ್ಬರಿ ವಿಮಾನಕ್ಕೆ ಆಗದು. ಅಕ್ಕಿ, ವೀಳ್ಯದೆಲೆ ಅಮೆರಿಕಕ್ಕೆ ಆಗದು. ನಮ್ಮ ಮನೆಯಲ್ಲಿ ಮಡಿಲು ತುಂಬುವ ಶಾಸ್ತ್ರವನ್ನು ಹೊರಡುವ ಎರಡು ದಿನ ಮೊದಲೇ ಮಾಡುತ್ತೇವೆ. ಆ ಅಕ್ಕಿ, ಬೆಲ್ಲ, ಕೊಬ್ಬರಿಯಿಂದಲೇ ಪಾಯಸ ಮಾಡಿ ಎಲ್ಲರೂ ಕೂತು ಉಣ್ಣುತ್ತೇವೆ. ಅರಿಶಿನ ಕುಂಕುಮ, ರವಿಕೆ ಬಟ್ಟೆ ಮಾತ್ರ ಪ್ರಯಾಣ ಮಾಡುತ್ತವೆ. ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಸಂಕ್ರಾಂತಿ ಹೊತ್ತಿಗೆ ಹೊರಡುವವರು ಎಳ್ಳುಬೆಲ್ಲಕ್ಕೆ ಕೊಬ್ಬರಿ ಚೂರು ಸೇರಿಸದೆ ಕಟ್ಟಿಕೊಳ್ಳಿ.

3. ತೂಕ: 23 ಅಂದರೆ 18

ಅಮೆರಿಕದ ಟಿಕೆಟ್ಟುಗಳಲ್ಲಿ ಹೆಚ್ಚಾಗಿ ಒಬ್ಬರಿಗೆ 23 ಕೆಜಿಯ ಎರಡು ಬ್ಯಾಗ್ ಸಿಗುತ್ತವೆ. ಕೆಲವು ಅಗ್ಗದ ಟಿಕೆಟ್ಟುಗಳಲ್ಲಿ ಒಂದೇ. ನಿಮ್ಮ ಟಿಕೆಟ್ಟಿನಲ್ಲಿ ಏನು ಬರೆದಿದೆ ನೋಡಿ. ಖಾಲಿ ಸೂಟ್‌ಕೇಸೇ 4 ಕೆಜಿಯಷ್ಟು ತೂಗುತ್ತದೆ. ಮನೆಯ ತಕ್ಕಡಿಗೂ ವಿಮಾನ ನಿಲ್ದಾಣದ ತಕ್ಕಡಿಗೂ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಅದಕ್ಕೆ ಒಂದು ಕೆಜಿ ಬಿಡಿ. ಉಳಿದಿದ್ದು 18. ಅದರಲ್ಲಿ ತಿಂಡಿಗೆ 8 ಕೆಜಿ ಅಂತ ಗೆರೆ ಎಳೆದುಕೊಳ್ಳಿ. ಎರಡು ಬ್ಯಾಗಿಗೆ 16 ಕೆಜಿ. ಇದು ಕಡಿಮೆ ಏನಲ್ಲ.

ಈಗ ಏನು ಒಯ್ಯಬೇಕು ಅನ್ನುವ ಪ್ರಶ್ನೆ. ಅಲ್ಲಿ ದುಡ್ಡು ಕೊಟ್ಟರೆ ಸಿಗುವುದಕ್ಕೆ ಈ 16 ಕೆಜಿಯಲ್ಲಿ ಜಾಗ ಕೊಡಬೇಡಿ. ತೊಗರಿಬೇಳೆ, ತುಪ್ಪ, ರವೆ, ಕಂಪನಿ ಪೊಟ್ಟಣದ ಪುಳಿಯೋಗರೆ ಮಿಕ್ಸ್, ಎಲ್ಲವೂ ಅಲ್ಲಿ ಸಿಗುತ್ತವೆ. ಮನೆಯ ಹುಳಿಪುಡಿ ಸಿಗುವುದಿಲ್ಲ. ನಿಮ್ಮತ್ತೆ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಸಿಗುವುದಿಲ್ಲ. ಹುಬ್ಬಳ್ಳಿ ಕಡೆಯವರು ಕೈಯಲ್ಲಿ ತಟ್ಟಿದ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಿಗುವುದಿಲ್ಲ. ಹೊರಡುವ ಮುಂಚೆ ಅಲ್ಲಿರುವವರಿಗೆ ಫೋನ್ ಮಾಡಿ, "ಅಲ್ಲಿ ಸಿಗದೇ ಇರೋದು ಏನು ಬೇಕು?" ಅಂತ ಕೇಳಿ. ಸುಮ್ನೆ "ಏನು ಬೇಕು?" ಅಂದರೆ "ಏನೂ ಬೇಡಮ್ಮ, ನೀವು ಬನ್ನಿ ಸಾಕು" ಅಂತಾರೆ.

4. ಯಾವುದನ್ನು ಯಾವಾಗ ಮಾಡಬೇಕು

ಉಪ್ಪಿನಕಾಯಿ ಹಳೆಯದಾಗಿರಬೇಕು. ಹೊಸದಾಗಿ ಕಲಸಿದ್ದು ಇನ್ನೂ ಹುದುಗುತ್ತಿರುತ್ತದೆ, ಒಳಗೆ ಗಾಳಿ ಹುಟ್ಟಿ ಮುಚ್ಚಳವನ್ನು ತಳ್ಳುತ್ತದೆ. ಕನಿಷ್ಠ ಎರಡು ತಿಂಗಳು ಕೂತಿದ್ದನ್ನೇ ಆರಿಸಿ.

ಪುಡಿಗಳನ್ನು ಒಂದು ವಾರ ಮೊದಲು ಮಾಡಿ. ಕರಿದ ತಿಂಡಿ ಮೂರು ದಿನ ಮೊದಲು ಸಾಕು. ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೂ ಕುದಿಸಿ, ನೀರಿನ ಅಂಶ ಉಳಿಯಬಾರದು. ಎಲ್ಲಕ್ಕೂ ಒಂದೇ ನಿಯಮ: ಪೂರ್ತಿ ಆರದೆ ಕಟ್ಟಬೇಡಿ. ಹುರಿದ ಪುಡಿಯನ್ನು ತಟ್ಟೆಯಲ್ಲಿ ಹರಡಿ ರಾತ್ರಿಯಿಡೀ ಬಿಡಿ. ಕೈಗೆ ತಣ್ಣಗೆ ಅನ್ನಿಸಿದರೂ ಗುಡ್ಡೆಯ ಮಧ್ಯದಲ್ಲಿ ಬಿಸಿ ಇರುತ್ತದೆ. ಆ ಬಿಸಿ ಕವರಿನೊಳಗೆ ಹನಿಯಾಗಿ, ಮೂವತ್ತು ಗಂಟೆಯ ಪ್ರಯಾಣದಲ್ಲಿ ಪುಡಿ ಮುಗ್ಗಲು ವಾಸನೆ ಹಿಡಿಯುತ್ತದೆ.

5. ಕಟ್ಟುವ ಕೆಲಸ

ಮೊದಲು ಒಂದು ಸಂಗತಿ. ಹಾರುವ ವಿಮಾನದೊಳಗಿನ ಗಾಳಿ ನೆಲದ ಮೇಲಿನಷ್ಟು ಒತ್ತಾಗಿರುವುದಿಲ್ಲ. ಸುಮಾರು 1,800 ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ತೆಳುವಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಲ್ವಾ? ಅಂದರೆ ನಿಮ್ಮ ಸೂಟ್‌ಕೇಸ್ ಹೆಚ್ಚುಕಡಿಮೆ ಮುಳ್ಳಯ್ಯನಗಿರಿ ಹತ್ತಿ ಇಳಿದಂತೆ. ಬ್ಯಾಗ್ ಇಡುವ ಕೆಳಗಿನ ಜಾಗದಲ್ಲೂ ಒತ್ತಡ ಇಷ್ಟೇ. ಡಬ್ಬಿಯೊಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಹೋದಂತೆ ಹಿಗ್ಗುತ್ತದೆ, ಮುಚ್ಚಳದ ಸಂದಿಯಿಂದ ಎಣ್ಣೆಯನ್ನು ಹೊರಗೆ ದೂಡುತ್ತದೆ. ಬೆಂಗಳೂರು ಆಗಲೇ 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಮುಚ್ಚಿದ ಡಬ್ಬಿ ಸ್ವಲ್ಪ ಕಡಿಮೆ ಹಿಗ್ಗುತ್ತದೆ. ಮಂಗಳೂರಿನಲ್ಲೋ ಕಾರವಾರದಲ್ಲೋ ಮುಚ್ಚಿದ್ದು ಜಾಸ್ತಿ ಹಿಗ್ಗುತ್ತದೆ. ಕರಾವಳಿಯಿಂದ ಬರುವವರು ಉಪ್ಪಿನಕಾಯಿ ಬಾಟಲಿಯನ್ನು ಬೆಂಗಳೂರಿನಲ್ಲಿ ಒಮ್ಮೆ ತೆರೆದು ಮತ್ತೆ ಮುಚ್ಚಿದರೆ ಒಳ್ಳೆಯದು.

*ಉಪ್ಪಿನಕಾಯಿ, ಗೊಜ್ಜು.* ಗಾಜಿನ ಬಾಟಲಿ ಬೇಡ. ಅಗಲ ಬಾಯಿಯ, ತಿರುಗಿಸುವ ಮುಚ್ಚಳದ ಪ್ಲಾಸ್ಟಿಕ್ ಬಾಟಲಿ ತೊಗೊಳ್ಳಿ. ಅರ್ಧ ಕೆಜಿಯ ಎರಡು ಬಾಟಲಿ ಒಂದು ಕೆಜಿಯ ಒಂದಕ್ಕಿಂತ ಮೇಲು. ಒಂದು ಸೋರಿದರೂ ಇನ್ನೊಂದು ಉಳಿಯುತ್ತದೆ. ಹೋಳುಗಳನ್ನು ಒತ್ತಿ ತುಂಬಿ, ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ. ತೇಲುವ ಎಣ್ಣೆ ಜಾಸ್ತಿ ಇದ್ದರೆ ತೆಗೆದುಬಿಡಿ, ಅಲ್ಲಿಗೆ ಹೋಗಿ ಹೊಸ ಎಣ್ಣೆ ಹಾಕಿಕೊಳ್ಳಬಹುದು. ಬಾಟಲಿಯ ಅಂಚನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಅಂಚಿಗೆ ಎಣ್ಣೆ ಇದ್ದರೆ ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಬಾಯಿಗೆ ಎರಡು ಪದರ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಮುಚ್ಚಳ ಬಿಗಿಯಿರಿ. ಮುಚ್ಚಳದ ಸುತ್ತ ಅಗಲದ ಟೇಪ್ ಸುತ್ತಿ.

ಆಮೇಲೆ ಬಾಟಲಿಯನ್ನು ಒಂದು ಜಿಪ್ ಲಾಕ್ ಕವರಿನಲ್ಲಿ ಹಾಕಿ ಗಾಳಿ ಹಿಂಡಿ ಮುಚ್ಚಿ. ಅದರ ಸುತ್ತ ಹಳೆಯ ಹತ್ತಿ ಟವೆಲ್ ಅಥವಾ ನಾಲ್ಕು ಹಾಳೆ ಪೇಪರ್ ಸುತ್ತಿ, ಇನ್ನೊಂದು ಜಿಪ್ ಲಾಕ್ ಕವರಿಗೆ ಸೇರಿಸಿ. ಮೊದಲ ಕವರು ಸೋರುವುದನ್ನು ತಡೆಯುತ್ತದೆ, ಟವೆಲ್ ಸೋರಿದ್ದನ್ನು ಕುಡಿಯುತ್ತದೆ, ಎರಡನೆಯ ಕವರು ಸೀರೆಯನ್ನು ಕಾಪಾಡುತ್ತದೆ. ಈಗ ತಲೆಕೆಳಗು ಮಾಡಿ ಒಂದು ರಾತ್ರಿ ಸಿಂಕಿನಲ್ಲಿ ಇಡಿ. ಬೆಳಿಗ್ಗೆ ಟವೆಲ್ ಒಣಗಿದ್ದರೆ ಪ್ರಯಾಣಕ್ಕೆ ಸಿದ್ಧ. ಒದ್ದೆಯಾಗಿದ್ದರೆ ಆ ಬಾಟಲಿ ಬದಲಿಸಿ. ಈ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ.

*ಪುಡಿಗಳು.* ಕಾಲು ಕೆಜಿ, ಅರ್ಧ ಕೆಜಿಯ ಪೊಟ್ಟಣ ಮಾಡಿ. ದಪ್ಪ ಕವರಿಗೆ ತುಂಬಿ, ಗಾಳಿ ತೆಗೆದು, ಚಪ್ಪಟೆಯಾಗಿ ಒತ್ತಿ ಸೀಲ್ ಮಾಡಿ. ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ "ಫಾರಿನ್‌ಗೆ" ಅಂದರೆ ಸಾಕು, ಗಾಳಿ ಎಳೆದು ಸೀಲ್ ಮಾಡಿ ಕೊಡುತ್ತಾರೆ. ಎಲ್ಲ ಪುಡಿಗಳನ್ನು ಒಂದೇ ಕಡೆ ಇಟ್ಟಿಗೆ ಜೋಡಿಸಿದ ಹಾಗೆ ಪೇರಿಸಬೇಡಿ. ಎಕ್ಸ್‌ರೇಯಲ್ಲಿ ಅದು ಏನೋ ದಟ್ಟ ಗಟ್ಟಿಯಂತೆ ಕಂಡು ಬ್ಯಾಗ್ ಬಿಚ್ಚುತ್ತಾರೆ. ಬಟ್ಟೆಗಳ ನಡುವೆ ಅಲ್ಲಲ್ಲಿ ಹಂಚಿ. ಪುಡಿಯನ್ನು ಕೈಚೀಲದಲ್ಲಿ ಇಡುವುದೂ ಬೇಡ. ಅಮೆರಿಕದ ವಿಮಾನಗಳಲ್ಲಿ ಸುಮಾರು 350 ಮಿಲಿ ಲೀಟರಿಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ.

*ಖಡಕ್ ರೊಟ್ಟಿ, ಹಪ್ಪಳ.* ರೊಟ್ಟಿಯ ಅಗಲಕ್ಕೆ ಎರಡು ಗಟ್ಟಿ ರಟ್ಟು ಕತ್ತರಿಸಿ. ಹತ್ತು ಹನ್ನೆರಡು ರೊಟ್ಟಿಯನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಕೆಳಗೆ ರಟ್ಟು ಇಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಅಲುಗಾಡದಂತೆ ಸುತ್ತಿ. ರೊಟ್ಟಿ ಮುರಿಯುವುದು ಭಾರಕ್ಕಿಂತ ಅಲುಗಾಟದಿಂದ. ಸಡಿಲವಾಗಿ ಕಟ್ಟಿದ ಐದು ರೊಟ್ಟಿ ಪುಡಿಯಾಗುತ್ತವೆ, ಬಿಗಿಯಾಗಿ ಕಟ್ಟಿದ ಹನ್ನೆರಡು ಹಾಗೇ ಉಳಿಯುತ್ತವೆ. ಹಪ್ಪಳಕ್ಕೂ ಇದೇ ದಾರಿ.

*ಚಕ್ಕುಲಿ, ಕೋಡುಬಳೆ.* ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸುತ್ತು ಸುತ್ತಾಗಿ ಜೋಡಿಸಿ, ಖಾಲಿ ಜಾಗಕ್ಕೆ ಮಡಿಸಿದ ಟಿಶ್ಯೂ ಪೇಪರ್ ತುರುಕಿ. ಸ್ಟೀಲ್ ಡಬ್ಬಿ ತೂಕ ತಿನ್ನುತ್ತದೆ. ನಿಪ್ಪಟ್ಟಿಗೆ ಖಾಲಿಯಾದ ಉದ್ದನೆಯ ಚಿಪ್ಸ್ ಡಬ್ಬಿ ಹೇಳಿ ಮಾಡಿಸಿದಂತಿರುತ್ತದೆ.

6. ಹೆಸರು ಬರೆಯಿರಿ, ಪಟ್ಟಿ ಮಾಡಿ

ಸಾದಾ ಕವರಿನಲ್ಲಿ ಕಂದು ಬಣ್ಣದ ಪುಡಿ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಪ್ರತಿ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. "ಹುಳಿಪುಡಿ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅವರಿಗೆ ತಿಳಿಯುವುದಿಲ್ಲ. ಅದು ಏನು ಅಂತ ಬರೆಯಬೇಕು: ಹುರಿದ ಬೇಳೆ ಮತ್ತು ಮಸಾಲೆಯ ಪುಡಿ, ಮಾವಿನಕಾಯಿ ಉಪ್ಪಿನಕಾಯಿ, ಕರಿದ ಅಕ್ಕಿಹಿಟ್ಟಿನ ತಿಂಡಿ. ಅಂಗಡಿಯಿಂದ ತಂದದ್ದಾದರೆ ಕಂಪನಿಯ ಪೊಟ್ಟಣ ಒಡೆಯದೆ ಹಾಗೇ ಇಡಿ.

ಎಲ್ಲವನ್ನೂ ಸೇರಿಸಿ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ, ಹೆಸರು ಮತ್ತು ತೂಕ ಎರಡೂ ಇರಲಿ. ಮೂರು ಪ್ರತಿ ತೆಗೆಯಿರಿ. ಎರಡು ಸೂಟ್‌ಕೇಸಿನ ಮೇಲ್ಪದರದಲ್ಲಿ ಒಂದೊಂದು, ಪಾಸ್‌ಪೋರ್ಟಿನ ಜೊತೆ ಒಂದು. ಇಂಗ್ಲಿಷ್ ಅಷ್ಟಾಗಿ ಬಾರದ ಅಪ್ಪ ಅಮ್ಮ ಇಬ್ಬರೇ ಹೋಗುವಾಗ ಈ ಹಾಳೆ ಅವರ ಕೈ ಹಿಡಿಯುತ್ತದೆ. ಅಧಿಕಾರಿ ಏನು ಕೇಳಿದರೂ ನಗುತ್ತಾ ಆ ಹಾಳೆ ಚಾಚಿದರೆ ಆಯಿತು. ನನ್ನ ಅಮ್ಮ ಎರಡನೆಯ ಸಲ ಹೋದಾಗ ಹಾಗೇ ಮಾಡಿದರು.

7. ಸೂಟ್‌ಕೇಸ್ ತುಂಬುವುದು

ತಳದಲ್ಲಿ ದಪ್ಪ ಬಟ್ಟೆ. ಅದರ ಮೇಲೆ ಮಧ್ಯದಲ್ಲಿ ಬಾಟಲಿಗಳು, ಸುತ್ತ ಪುಡಿ ಪೊಟ್ಟಣ ಮತ್ತು ಬಟ್ಟೆ. ರೊಟ್ಟಿ, ಹಪ್ಪಳದ ಕಟ್ಟು ಮೇಲ್ಭಾಗದಲ್ಲಿ, ಆದರೆ ಅಂಚಿಗೆ ತಾಗದಂತೆ. ಒಳ್ಳೆಯ ಸೀರೆ, ಶರ್ಟು ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಪ್ರತ್ಯೇಕ. ತಿಂಡಿಯನ್ನು ಎರಡೂ ಬ್ಯಾಗಿಗೆ ಹಂಚಿ, ಬಟ್ಟೆಯನ್ನೂ ಹಂಚಿ. ಒಂದು ಬ್ಯಾಗ್ ಬರುವುದು ತಡವಾದರೂ ಪರದಾಡಬೇಕಾಗುವುದಿಲ್ಲ.

ದಾರಿಯಲ್ಲಿ ತಿನ್ನಲು ಚಪಾತಿ, ಅದಕ್ಕೆ ಬೇಕಾದಷ್ಟೇ ಒಂದು ಚಿಕ್ಕ ಪೊಟ್ಟಣ ಚಟ್ನಿಪುಡಿ ಕೈಚೀಲದಲ್ಲಿ ಇರಲಿ. ಮೊಸರನ್ನ ಬೇಡ, ಅದು ದ್ರವದ ಲೆಕ್ಕಕ್ಕೆ ಬರುತ್ತದೆ. ಕೈಚೀಲದಲ್ಲಿ 100 ಮಿಲಿ ಲೀಟರ್ ದಾಟಿದ ದ್ರವ ಬಿಡುವುದಿಲ್ಲ.

8. ಇಳಿದ ಮೇಲೆ

ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ನಿಮ್ಮ ಚೆಕ್-ಇನ್ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಮುಂದೆ ಇನ್ನೊಂದು ವಿಮಾನ ಇದ್ದರೆ ಅಲ್ಲಿಂದ ಮತ್ತೆ ಕೊಡಬೇಕು. ಅಬುಧಾಬಿ ಮೂಲಕ ಹೋಗುವವರಿಗೆ ಅಮೆರಿಕದ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ. ವಿಮಾನದಲ್ಲಿ ಕೊಟ್ಟ ಸೇಬನ್ನು ಇಳಿಯುವ ಮೊದಲೇ ತಿಂದುಬಿಡಿ, ಇಲ್ಲವೇ ಅಲ್ಲೇ ಬಿಡಿ. ಅದೂ ಹಸಿ ಹಣ್ಣೇ.

ಊಟದ ವಸ್ತು ಇದೆಯಾ ಅಂತ ಕೇಳಿದಾಗ "ಇದೆ" ಅನ್ನಿ. ಬಹಳ ಜನ ಇಲ್ಲೇ ಹೆದರುತ್ತಾರೆ. ಇದೆ ಅಂದರೆ ಎಲ್ಲ ಕಿತ್ತುಕೊಳ್ಳುತ್ತಾರೆ ಅಂದುಕೊಂಡು "ಇಲ್ಲ" ಅಂದುಬಿಡುತ್ತಾರೆ. ನಡೆಯುವುದು ಇದಕ್ಕೆ ತದ್ವಿರುದ್ಧ. ಇದೆ ಅಂತ ಹೇಳಿ ತೋರಿಸಿದರೆ, ಬಿಡದ ವಸ್ತು ಒಂದಿದ್ದರೆ ಅದನ್ನು ತೆಗೆದಿಟ್ಟುಕೊಂಡು ನಿಮ್ಮನ್ನು ಕಳಿಸುತ್ತಾರೆ. ದಂಡ ಇರುವುದಿಲ್ಲ. ಮುಚ್ಚಿಟ್ಟು ಸಿಕ್ಕಿದರೆ ಮೊದಲ ಸಲವೇ 1,000 ಡಾಲರ್‌ವರೆಗೂ ದಂಡ ಹಾಕಬಹುದು. ಮೂವತ್ತು ಗಂಟೆ ಪ್ರಯಾಣ ಮಾಡಿ ಸುಸ್ತಾದ ಹಿರಿಯರಿಗೆ ಆ ಅವಮಾನ ಬೇಡ.

ಮನೆ ಮುಟ್ಟಿದ ರಾತ್ರಿಯೇ ಬ್ಯಾಗ್ ಬಿಚ್ಚಿ. ಮೊದಲು ಉಪ್ಪಿನಕಾಯಿ ಬಾಟಲಿ ನೋಡಿ, ಟವೆಲ್ ತೆಗೆದು ಅಂಚು ಒರೆಸಿ ಫ್ರಿಜ್ಜಿಗೆ ಇಡಿ. ಪುಡಿಗಳಲ್ಲಿ ಈ ತಿಂಗಳಿಗೆ ಒಂದೊಂದು ಪೊಟ್ಟಣ ಹೊರಗಿಟ್ಟು, ಉಳಿದಿದ್ದು ಫ್ರೀಜರಿಗೆ. ಆರು ತಿಂಗಳಾದರೂ ಘಮ ಹೋಗುವುದಿಲ್ಲ. ಮುರಿದ ರೊಟ್ಟಿಯಿದ್ದರೆ ಬೇರೆ ಎತ್ತಿಡಿ. ಬೆಳಿಗ್ಗೆ ಮೊಸರು, ಶೇಂಗಾ ಹಿಂಡಿ ಜೊತೆ ಮೊದಲು ಖಾಲಿಯಾಗುವುದು ಅದೇ.